ಪಾಸ್ಟರ್ ನನ್ನನ್ನೇ ಯಾಕೆ ಹುಡುಕಿಕೊಂಡು ಬಂದರು

ದಿಲ್ಲಿಯಲ್ಲಿ ಕೋಚಿಂಗ್ ಅಂದರೆ ಲಕ್ಷ್ಮೀ ನಗರದ ಪರೀಕ್ಷೆ ಪಾಠ. ನಾನು ಮಾಡುವುದು ಅದಲ್ಲ. ಕೇಂದ್ರ ಸರ್ಕಾರದ ವಿಜಿಲೆನ್ಸ್ ವಿಭಾಗದಲ್ಲಿ ತಲೆ ನರೆಸಿಕೊಂಡು ನಿವೃತ್ತಳಾದ ಮೇಲೆ, ಹತ್ತಾರು ಜನರ ಹೊಣೆ ಹೊತ್ತವರನ್ನು ಎದುರು ಕೂರಿಸಿಕೊಂಡು ಅವರ ತೊಡಕನ್ನು ಅವರ ಬಾಯಿಂದಲೇ ಬಿಡಿಸುವ ಕೆಲಸ ಕಲಿತೆ. ಬರುವವರು ಮ್ಯಾನೇಜರುಗಳು, ಶಾಲೆಯ ಪ್ರಿನ್ಸಿಪಾಲರು. ಪಾಸ್ಟರ್ ಒಬ್ಬರು ಫೋನ್ ಮಾಡಿದ್ದು ಅದೇ ಮೊದಲು.

ಬೀದರಿನವರು. ಘಾಜಿಯಾಬಾದಿನಲ್ಲಿ ಒಂದು ಸಣ್ಣ ಸಭೆ, ಅಂದರೆ ಚರ್ಚು, ನಡೆಸುತ್ತಾರಂತೆ. "ಯಾರ ಹತ್ರನಾದ್ರೂ ಮಾತಾಡ್ಲಿಲ್ಲಂದ್ರ ಈ ಕೆಲಸ ನನ್ನ ಕೈ ಬಿಟ್ಟು ಹೋಗ್ತದ ಅಕ್ಕಾ. ಮನಿನೂ ಸಭೆಯವ್ರೇ ಕೊಟ್ಟಿದ್ದು. ಹೆಂಡ್ತಿ ಮಕ್ಕಳನ್ನ ಎಲ್ಲಿಗೆ ಕರಕೊಂಡು ಹೋಗ್ಲಿ?" ಅಂದರು.

ಅಯ್ಯೋ ಪಾಪ ಅನ್ನಿಸಿತು. ಮರುಗಳಿಗೆಯೇ ಅನುಮಾನ. ಇಡೀ ದಿಲ್ಲಿಯಲ್ಲಿ ಇವರಿಗೆ ದ್ವಾರಕಾದ ನಾನೇ ಸಿಗಬೇಕಾ? ಗುರುವಾರ ತಪ್ಪದೆ ರಾಯರ ಪೂಜೆ ಮಾಡುವವಳು ನಾನು. ಯಜಮಾನರು ಪೇಪರ್ ಮಡಿಸಿ, "ನೀನು ಅವರಿಗೆ ಕೋಚಿಂಗ್ ಕೊಡ್ತೀಯೋ, ಅವರು ನಿನಗೆ ಕೊಡ್ತಾರೋ, ನೋಡ್ಕೋ ಮಾರಾಯ್ತಿ" ಅಂದರು. ಮನೆಗೆ ಕರೆಯಲಿಲ್ಲ. ಇಬ್ಬರಿಗೂ ಒಂದೇ ಮೆಟ್ರೋ ಲೈನು, ನಡುವೆ ಲಕ್ಷ್ಮೀ ನಗರ. ಅಲ್ಲೇ ಒಂದು ಚಹಾ ಅಂಗಡಿಗೆ ಬರಹೇಳಿದೆ.

ಬಂದರು. ಇಸ್ತ್ರಿ ಮಾಡಿದ ಅಂಗಿ, ಸವೆದ ಬೂಟು. ಕೈಯಲ್ಲಿ ಬೈಬಲ್ ಇದೆಯಾ ಅಂತ ಮೊದಲು ನೋಡಿದೆ. ಇರಲಿಲ್ಲ. ಬ್ಯಾಗಿನಲ್ಲಿರುತ್ತದೆ ಬಿಡು ಅಂದುಕೊಂಡೆ. ಕೂತವರೇ, "ನಾವು ಮಾತಾಡೋದು ಹೊರಗ ಹೋಗಂಗಿಲ್ಲಲ್ರೀ?" ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಇಷ್ಟೊಂದು ಮುಚ್ಚುಮರೆ ಯಾತಕ್ಕೆ? ವಿಜಿಲೆನ್ಸ್ ಬುದ್ಧಿ ಸುಮ್ಮನಿರುತ್ತದೆಯೇ! ಸಭೆಗೆ ಎಷ್ಟು ಜನ ಬರುತ್ತಾರೆ, ಎಲ್ಲೆಲ್ಲಿ ಸೇರುತ್ತೀರಿ, ಹೊಸಬರು ಯಾರು ಅಂತ ಒಂದರ ಮೇಲೊಂದು ಕೇಳಿದೆ.

ಅವರು ಲೋಟ ಕೆಳಗಿಟ್ಟು ಎದ್ದೇಬಿಟ್ಟರು. "ಹೋದ ತಿಂಗಳು ಯಾರೋ ಇಬ್ರು ಬಂದು ಇದನ್ನೇ ಕೇಳಿ ಹೋದ್ರು. ನಿಮ್ಮನ್ನ ಯಾರು ಕಳಿಸ್ಯಾರ?"

ನನಗೆ ಮೈಯೆಲ್ಲ ಉರಿಯಿತು. ಅನುಮಾನ ಪಡಬೇಕಾದವಳು ನಾನು, ಇವರದೇನು! "ಫೋನ್ ಮಾಡಿದ್ದು ನೀವು ಸ್ವಾಮಿ. ಈ ಊರಲ್ಲಿ ಪಾಸ್ಟರುಗಳಿಗೇನು ಬರವೇ? ನಾನೇ ಯಾಕೆ?"

"ಕನ್ನಡದ ಸಲುವಾಗಿ," ಅಂದರು. "ಬ್ಯಾರೆ ಪಾಸ್ಟರಿಗೆ ಹೇಳಿದ್ರ ಸಂಜಿಗೆ ಸಭೆಯ ಹಿರಿಯರ ಕಿವಿಗೆ ಬೀಳ್ತದ. ನಮ್ಮಾಕಿ ಇಲ್ಲಿಯಾಕಿ, ಕನ್ನಡ ಬರಂಗಿಲ್ಲ. ಮನ್ಯಾಗ ಕೂತು ಫೋನಿನ್ಯಾಗ ಮಾತಾಡಿದ್ರೂ ಆಕಿಗೆ ತಿಳಿಬಾರ್ದು."

ಕಥೆ ಚೆನ್ನಾಗಿದೆ ಅಂದುಕೊಂಡೆ. ಪೂರ್ತಿ ನಂಬಲಿಲ್ಲ. "ಚಲೋ, ಕೂತ್ಕೊಳ್ಳಿ. ನಿಮ್ಮ ಜನರ ಸುದ್ದಿ ನಾನಿನ್ನು ಕೇಳಲ್ಲ. ಆದರೆ ನನ್ನದೂ ಒಂದು ಷರತ್ತಿದೆ. ನನಗೋಸ್ಕರ, ನಮ್ಮ ಮನೆಯವರಿಗೋಸ್ಕರ ನೀವು ಪ್ರಾರ್ಥನೆ ಗೀರ್ಥನೆ ಅಂತ ಮಾಡಕೂಡದು."

ಅವರು ಕೂರಲಿಲ್ಲ. ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಆ ಪ್ರಾರ್ಥನೆ ಬರ್ತಿದ್ರ ನಿಮ್ಮ ಕಡೆ ಯಾಕ ಬರ್ತಿದ್ದೆ ಅಕ್ಕಾ? ಭಾನುವಾರ ಎಲ್ರ ಮುಂದ ಕಣ್ಣು ಮುಚ್ಚಿ ನಿಂತು ಬರೇ ಬಾಯಿ ಆಡಿಸ್ತೀನಿ."

ಅವರ ಚಹಾ ಲೋಟವನ್ನು ಅವರತ್ತ ಸರಿಸಿದೆ. ಆಮೇಲೆ ಮೆಲ್ಲಗೆ, "ಯಾವಾಗಿಂದ?" ಅಂತ ಕೇಳಿದೆ.

ಆಗ ಕೂತರು.