ಬಾಯಿಗೆ ಹಾಳೆ ಅಡ್ಡ ಹಿಡಿದು ಕಿವಿ ಅಳೆಯುವ ಮರಿಯಪ್ಪ

ಬೆಳಗಿನ ಐದೂವರೆ. ರಾಜಾಜಿನಗರದ ಕಾರ್ಮಿಕರ ಆಸ್ಪತ್ರೆಯೊಂದರ ಹಿಂಬದಿ ಕೋಣೆಯಲ್ಲಿ ಕಿವಿ ಪರೀಕ್ಷೆಯ ಸಹಾಯಕ ಮರಿಯಪ್ಪ ಕಿಟಕಿ ಮುಚ್ಚುತ್ತಿದ್ದಾರೆ. ಕಿವಿ ಪರೀಕ್ಷೆಗೆ ಸದ್ದಿಲ್ಲದ ಕೋಣೆ ಬೇಕು. ಆಸ್ಪತ್ರೆ ಕಟ್ಟಿದ ಮಹಾನುಭಾವರಿಗೆ ಅದು ಹೊಳೆಯಲೇ ಇಲ್ಲ. ಹಾಗಾಗಿ ಬಸ್ಸು, ಲಾರಿಗಳ ಗಲಾಟೆ ಶುರುವಾಗುವ ಮೊದಲೇ ಇವರು ಅಗ್ರಹಾರ ದಾಸರಹಳ್ಳಿಯಿಂದ ಸೈಕಲ್ ತುಳಿದು ಬರುತ್ತಾರೆ. ಅರವತ್ತೈದನೇ ಇಸವಿಯಿಂದ ಹನ್ನೊಂದು ವರ್ಷ ಹೀಗೇ. ದಿನಕ್ಕೆ ಮೂರು ಜನ, ಆರು ಕಿವಿ. ಅಳತೆ ಇವರದು, ಸಹಿ ಡಾಕ್ಟರದು.

ಇಂದು ಸ್ಟೂಲಿನ ಮೇಲೆ ಕುಳಿತಿರುವವರು ಮಿಲ್ಲಿನ ನೇಯ್ಗೆಗಾರ ಬೈರಯ್ಯ. ಹೋದ ವರ್ಷ ಪಕ್ಕದಲ್ಲೇ ಹಬೆಯ ಪೈಪು ಸಿಡಿದು ಕಿವಿ ಹೋಯಿತು. ಅಂಗವಿಕಲರ ಪಿಂಚಣಿ ಕೇಳಿದರೆ, ‘ಚೆನ್ನಾಗಿ ಕೇಳಿಸುತ್ತದೆ’ ಎಂದು ಡಾಕ್ಟರು ಅಳತೆಗೆ ಕಳಿಸದೆ ತಾವೇ ಬರೆದರು. ಎದುರು ಕೂರಿಸಿ ಕೇಳಿದ್ದಕ್ಕೆಲ್ಲ ಬೈರಯ್ಯ ಉತ್ತರ ಕೊಟ್ಟಿದ್ದರಂತೆ.

“ಮಗ್ಗದ ಸದ್ದಲ್ಲಿ ಯಾರ್ ಮಾತು ಯಾರಿಗೆ ಕೇಳ್ಸುತ್ತೆ ಸಾರ್?” ಎನ್ನುತ್ತಾರೆ ಮರಿಯಪ್ಪ. “ಇವ್ರೆಲ್ಲ ತುಟಿ ನೋಡೇ ಮಾತಾಡೋರು. ಇಪ್ಪತ್ತು ವರ್ಷದ ಅಭ್ಯಾಸ, ಬಿಡುತ್ತಾ?”

ಇಷ್ಟನ್ನೂ ವಿಚಾರಿಸದೆ, ದುಡಿಯುವ ಮನುಷ್ಯನನ್ನು ಸುಳ್ಳುಗಾರ ಮಾಡಿಬಿಟ್ಟರಲ್ಲ!

ಮರಿಯಪ್ಪ ಹಳೆಯ ಎಕ್ಸ್‌ರೇ ಹಾಳೆಯನ್ನು ತುಟಿ ಕಾಣದಂತೆ ಬಾಯಿಗೆ ಅಡ್ಡ ಹಿಡಿದು, ಪಕ್ಕದಲ್ಲಿ ನಿಂತು, ಒಂದು ಕಿವಿ ಮುಚ್ಚಿಸಿ ಇನ್ನೊಂದಕ್ಕೆ ಒಂದೊಂದೇ ಪದ ಹೇಳುತ್ತಾರೆ. ಎಡಗಿವಿಗೆ ಏನೂ ಕೇಳಿಸುವುದಿಲ್ಲ. ಬಲಗಿವಿಗೆ, ಜೋರಾಗಿ ಹೇಳಿದರೆ ಅರ್ಧ.

ಬರೆಯಲು ಪೆನ್ನು ತೆಗೆದರೆ ಬೈರಯ್ಯ ಕೈ ಹಿಡಿಯುತ್ತಾರೆ. “ಮರಿಯಪ್ಪಣ್ಣ, ಎರಡೂ ಇಲ್ಲ ಅಂತ ಬರ್ದುಬಿಡು. ಪೂರ್ತಿ ಪಿಂಚಣಿ ಬರುತ್ತೆ. ನಿನ್ನ ಗಂಟೇನು ಹೋಗ್ತದೆ?”

ಮರಿಯಪ್ಪ ತುಟಿ ಕಾಣುವಂತೆ ಎದುರು ಬಂದು ಹೇಳುತ್ತಾರೆ: “ಕೇಳೋ ಕಿವೀನ ಸಾಯಿಸಕ್ಕೆ ನನ್ ಕೈಲಿ ಆಗಲ್ಲ ಕಣಯ್ಯ.”

“ನಮ್ಮ ಬೀದಿಯೋನಾಗಿ ಹಿಂಗ್ ಮಾಡ್ತೀಯ? ನಿನಗಿಂತ ಆ ಡಾಕ್ಟ್ರೇ ವಾಸಿ!” ಬೈರಯ್ಯ ಹೋಗಿ ಹೊರಗಿನ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾರೆ.

ಒಂಬತ್ತಕ್ಕೆ ಡಾಕ್ಟರು ಬಂದು ಮರಿಯಪ್ಪ ಬರೆದ ಚೀಟಿ ನೋಡಿ ಹುಬ್ಬು ಗಂಟಿಕ್ಕುತ್ತಾರೆ. “ಹಿಂದ್ಗಡೆ ನಿಂತು ನೀವೇ ಕರೀರಿ ಸಾರ್” ಎನ್ನುತ್ತಾರೆ ಮರಿಯಪ್ಪ. ಡಾಕ್ಟರು ಎಡಗಡೆಯಿಂದ ಕರೆಯುತ್ತಾರೆ. ಬೈರಯ್ಯ ಅಲುಗುವುದಿಲ್ಲ. ಬಲಗಡೆ ಬಂದು ಜೋರಾಗಿ ಕೂಗುತ್ತಾರೆ. ಬೈರಯ್ಯ ಥಟ್ಟನೆ ತಿರುಗುತ್ತಾರೆ. ಎರಡೂ ಇಲ್ಲವೆಂದು ಬರೆದಿದ್ದರೆ ಆ ಕ್ಷಣಕ್ಕೆ ಸಿಗಬೇಕಾದ ಪಿಂಚಣಿಯೂ ಹೋಗುತ್ತಿತ್ತು. ಡಾಕ್ಟರು ಮೊದಲು ಬರೆದದ್ದನ್ನು ಹೊಡೆದುಹಾಕಿ, ಹೊಸ ಅಳತೆಗೆ ಸಹಿ ಮಾಡುತ್ತಾರೆ.

ಬೈರಯ್ಯ ಚೀಟಿ ಮಡಚಿಕೊಂಡು, ಇವರತ್ತ ನೋಡದೆ ಹೊರಡುತ್ತಾರೆ.

“ಇನ್ ಮೇಲೆ ನನ್ನ ಮಾತಾಡ್ಸಲ್ಲ ಅವನು,” ಎಂದು ನಗುತ್ತಾರೆ ಮರಿಯಪ್ಪ. “ಪರವಾಗಿಲ್ಲ. ಪಿಂಚಣಿಯೋರನ್ನ ವರ್ಷಾ ವರ್ಷಾ ಮರುಪರೀಕ್ಷೆಗೆ ಕರೀತಾರೆ. ಯಾವ ಡಾಕ್ಟ್ರು ಬಂದು ಯಾವ ಕಡೆ ನಿಂತು ಕೂಗಿದ್ರೂ, ನಾನ್ ಬರೆದಿದ್ದೇ ಸಿಗುತ್ತೆ.”