ತಲೆಯಿಲ್ಲದ ಪ್ರಣಾಳಿಕೆಗಳು

ಕ್ಯಾಲನೂರಿನಲ್ಲಿ ಬೆಳಗಿನ ಐದೂವರೆ. ಹಾಲಿನ ಕ್ಯಾನುಗಳು ಡೇರಿಯ ಕಡೆ ಹೊರಟಿವೆ. ಹಿಪ್ಪುನೇರಳೆ ತೋಟಗಳ ಮೇಲೆ ಮಂಜು ಇನ್ನೂ ಕೂತೇ ಇದೆ. ಮುನಿಯಲ್ಲಮ್ಮ ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು, ಮಗು ಮಲಗಿರುವ ಕೋಣೆಗೆ ಹೋಗುವವರಂತೆ ಹುಳುಮನೆಯ ಬಾಗಿಲನ್ನು ಸದ್ದಿಲ್ಲದೆ ತಳ್ಳುತ್ತಾರೆ. ನಿನ್ನೆಯವರೆಗೂ ಸರಸರನೆ ಸೊಪ್ಪು ಮೇಯುತ್ತಿದ್ದ ರೇಷ್ಮೆ ಹುಳುಗಳು ಈಗ ತಲೆ ಎತ್ತಿ, ಕದಲದೆ, ಮರೆತದ್ದೇನನ್ನೋ ನೆನೆಸಿಕೊಳ್ಳುವಂತೆ ನಿಂತಿವೆ. ಪೊರೆ ಬಿಡುವ ಮುಂಚೆ ಹುಳು ಹೀಗೆ ಒಂದು ದಿನ ಉಪವಾಸ ಮಲಗುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ.

ಅವರು ಬಗ್ಗಿ, ಬೆರಳ ತುದಿಯಿಂದ ಒಂದು ಹುಳುವಿನ ಬೆನ್ನು ಸವರುತ್ತಾರೆ. ಇನ್ನೊಂದು, ಮತ್ತೊಂದು. ಹುಳುಗಳ ಕೆಳಗೆ ಹಾಸಿದ ಕಾಗದದ ಅಂಚು ಎತ್ತಿ ನೋಡುತ್ತಾರೆ. "ಇನ್ನೂ ಎದ್ದಿಲ್ಲ ಕಣಮ್ಮ. ಮೂಲೇಲಿ ನಾಲ್ಕು ಎದ್ದವೆ, ಹಸಿವು ಹಸಿವು ಅಂತ ಒದ್ದಾಡ್ತಾವೆ. ಅವುನ್ನ ನಂಬ್ಕೊಂಡು ಸೊಪ್ಪು ಹಾಕಿದ್ರೆ ಮಿಕ್ಕಿದ್ದೆಲ್ಲಾ ಕೆಟ್ಟೋಗ್ತವೆ. ಹತ್ತು ಗಂಟೆವರ್ಗೂ ತಡ್ಕೋ" ಎಂದು ಪಿಸುಗುಡುತ್ತಾರೆ.

ಹುಳುಮನೆಯ ಒಡತಿ ಶೋಭಾರಾಣಿ ತಲೆಯಾಡಿಸುತ್ತಾರೆ. ಒಂದು ಸಲ ಈ ಮಾತು ಮೀರಿ ಅವರು ಅರ್ಧ ಬೆಳೆ ಕಳೆದುಕೊಂಡಿದ್ದಾರೆ. ಅಂದಿನಿಂದ ಜ್ವರ ಬಂತೆಂದರೆ ಮೊದಲು ಮುನಿಯಲ್ಲಮ್ಮನಿಗೆ ಫೋನು. "ಆಫೀಸರ್‌ಗಳು ದಿನ ಎಣಿಸ್ತಾರೆ ಸಾರ್, ಇವ್ರು ಹುಳ ಮುಟ್ಟಿ ಹೇಳ್ತಾರೆ" ಎನ್ನುತ್ತಾರೆ ಶೋಭಾರಾಣಿ.

ಅರವತ್ತೊಂದು ವರ್ಷದ ಮುನಿಯಲ್ಲಮ್ಮ ವಾರದಲ್ಲಿ ನಾಲ್ಕೈದು ಹುಳುಮನೆಗಳನ್ನು ಸುತ್ತುತ್ತಾರೆ. ಮನೆಯಲ್ಲಿ ತಮ್ಮದೇ ಇಪ್ಪತ್ತು ಸಾವಿರ ಹುಳು. ವರ್ಷಕ್ಕೆ ಐದು ಬೆಳೆ, ದಿನಕ್ಕೆ ಮೂರು ಹೊತ್ತು ಸೊಪ್ಪು, ಹಾಸಿಗೆ ಬದಲಾಯಿಸುವುದು ಬೇರೆ. ನಲವತ್ತು ವರ್ಷದಿಂದ ಇದೇ ಲೆಕ್ಕ. ಊರಿನಲ್ಲಿ ಯಾರ ಮನೆಯ ಗೂಡು ಚೆನ್ನಾಗಿ ಬಂದರೂ ಹೊಗಳಿಕೆ ತೋಟಕ್ಕೋ ಮೊಟ್ಟೆಗೋ ಸಲ್ಲುತ್ತದೆ. ಆ ಒಂದು ಬೆರಳಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಅವರಿಗೂ ಅದರ ಚಿಂತೆಯಿದ್ದಂತೆ ಕಾಣುವುದಿಲ್ಲ. ಅವರ ಚಿಂತೆ ಇರುವುದು ಒಂದು ತಗಡಿನ ಟ್ರಂಕಿನಲ್ಲಿ.

ಆ ಟ್ರಂಕಿನ ಕಥೆ ಶುರುವಾಗುವುದು ಹುಳುವಿನ ಹಾಸಿಗೆಯಿಂದ. ಮರಿಹುಳುಗಳ ತಟ್ಟೆಗೆ ಕಾಗದ ಹಾಸಬೇಕು. ಗಂಡ ಗಂಗುಲಪ್ಪ ಆ ಕಾಲಕ್ಕೆ ಒಂದು ಪಕ್ಷದ ಕಟ್ಟಾಳು. ಚುನಾವಣೆ ಮುಗಿದ ಮೇಲೆ ಹಂಚದೆ ಉಳಿದ ಪ್ರಣಾಳಿಕೆಗಳ ಕಟ್ಟನ್ನು ಮನೆಗೆ ಹೊತ್ತು ತರುತ್ತಿದ್ದರು. ಮುಳಬಾಗಿಲು ಕಡೆಯ ಬೈರಕೂರಿನಲ್ಲಿರುವ ಮುನಿಯಲ್ಲಮ್ಮನ ತಮ್ಮ ಆಂಜಿನಪ್ಪ ಎದುರು ಪಕ್ಷದವನು. ಅಕ್ಕನ ಹುಳುಗಳಿಗೆಂದು ಅವನೂ ಒಂದು ಕಟ್ಟು ತರುತ್ತಿದ್ದ. ಹಾಗಾಗಿ ಎರಡೂ ಪಕ್ಷಗಳು ಅಕ್ಕಪಕ್ಕದ ತಟ್ಟೆಯಲ್ಲಿ ಹುಳುಗಳ ಕೆಳಗೆ ತಣ್ಣಗೆ ಮಲಗಿರುತ್ತಿದ್ದವು. ಸಾಕ್ಷರತಾ ಆಂದೋಲನದ ವರ್ಷಗಳಲ್ಲಿ ಅಕ್ಷರ ಕಲಿತ ಮುನಿಯಲ್ಲಮ್ಮ, ಕಲಿತದ್ದು ಮರೆಯಬಾರದೆಂದು ಹಾಸುವ ಮುಂಚೆ ಅವನ್ನೇ ಓದಿದರು. ಚುನಾವಣೆ ಬಂದಾಗೆಲ್ಲ ಎರಡೂ ಕಡೆಯದು ಒಂದೊಂದನ್ನು ಎತ್ತಿಟ್ಟರು.

ಒಂದು ವಿಶೇಷವಿದೆ. ಕಾಗದದ ಮೇಲ್ಭಾಗದಲ್ಲಿ ಚಿಹ್ನೆ, ಪಕ್ಷದ ಹೆಸರು, ನಾಯಕರ ಮುಖ ಬಣ್ಣದಲ್ಲಿ ಅಚ್ಚಾಗಿರುತ್ತವೆ. ಸೊಪ್ಪಿನ ತೇವ ತಾಗಿದರೆ ಬಣ್ಣ ಬಿಟ್ಟು ಹುಳುವಿಗೆ ಮೆತ್ತುತ್ತದೆ. ಅದಕ್ಕೇ ಅವರು ಆ ಭಾಗವನ್ನು ಕತ್ತರಿಸಿಬಿಡುತ್ತಾರೆ. ಟ್ರಂಕಿನಲ್ಲಿರುವ ಇಪ್ಪತ್ತಮೂರು ಹಾಳೆಗಳಿಗೂ ತಲೆಯಿಲ್ಲ. ಯಾವುದು ಯಾರದೆಂದು ಗೊತ್ತಾಗಲು ಹಿಂದೆ ಪೆನ್ಸಿಲಿನಲ್ಲಿ ಇಸವಿ, ಪಕ್ಕದಲ್ಲಿ ಒಂದು ಅಕ್ಷರ. 'ಗ' ಅಂದರೆ ಗಂಡನ ಪಾರ್ಟಿ, 'ತ' ಅಂದರೆ ತಮ್ಮನ ಪಾರ್ಟಿ.

ಈ ಗ ಮತ್ತು ತ ನಡುವೆ ಇಪ್ಪತ್ತೆಂಟು ವರ್ಷಗಳಿಂದ ಮಾತಿಲ್ಲ.

ಅಂದು ಅವರ ಮನೆಯಲ್ಲಿ ಹುಳು ಹಣ್ಣಾಗಿತ್ತು. ಮೇಯುವುದು ನಿಲ್ಲಿಸಿ, ಮೈ ಬೆಳಗಿ, ನೂಲು ಬಿಡಲು ಸಿದ್ಧವಾದ ಹುಳುಗಳನ್ನು ಆ ದಿನವೇ ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ಎಷ್ಟು ಕೈಯಿದ್ದರೂ ಸಾಲದು. ನೆಂಟರು, ನೆರೆಯವರು ಕರೆಯದೆಯೂ ಬರುತ್ತಾರೆ. ಪ್ರತಿ ಬೆಳೆಯಂತೆ ಆಂಜಿನಪ್ಪನೂ ಬಂದಿದ್ದ. ಕೆಲಸದ ನಡುವೆ ವಿದೇಶಿ ರೇಷ್ಮೆಯ ಮಾತು ಬಂತು. ಹೊರಗಿನ ನೂಲು ಬರಲಿ, ಪೈಪೋಟಿಯಿದ್ದರೆ ನಾವೂ ಸುಧಾರಿಸುತ್ತೇವೆ, ಎಲ್ಲಕ್ಕೂ ಸರ್ಕಾರದ ಕೈ ಹಿಡಿಯಬಾರದು ಎಂದರು ಗಂಗುಲಪ್ಪ. ಒಂದೆಳೆಯೂ ಒಳಗೆ ಬರಕೂಡದು, ಬೆಳೆದವನನ್ನು ಕಾಯದ ಸರ್ಕಾರ ಯಾಕೆ ಬೇಕು ಎಂದ ಆಂಜಿನಪ್ಪ. ಮಾತಿಗೆ ಮಾತು ಬೆಳೆಯಿತು. "ಹೋಗಿ ನಿನ್ ಪಾರ್ಟಿ ಮನೇಲೇ ಉಣ್ಣೋಗ್ಲಾ" ಎಂದುಬಿಟ್ಟರು ಗಂಗುಲಪ್ಪ.

"ಅವ್ನು ಕೈಯಲ್ಲಿದ್ದ ಹುಳ ಎಸೀಲಿಲ್ಲ. ಒಂದೊಂದಾಗಿ ಚಂದ್ರಿಕೆಗೆ ಬಿಟ್ಟ. ಕೈ ತೊಳ್ಕೊಂಡ. ಊಟ ಮಾಡ್ದೆ ಹೋದ" ಎನ್ನುತ್ತಾರೆ ಮುನಿಯಲ್ಲಮ್ಮ. ಇದನ್ನು ಹೇಳುವಾಗ ಮಾತ್ರ ಅವರ ಕೈ ಕೆಲಸ ನಿಲ್ಲಿಸುತ್ತದೆ. ಮೊದಲ ಕೆಲವು ವರ್ಷ ಗೌರಿ ಹಬ್ಬಕ್ಕೆ ಬಾಗಿನ ಯಾರ ಕೈಯಲ್ಲಾದರೂ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ಸಾವು, ಮದುವೆ ಎಂದು ಮುನಿಯಲ್ಲಮ್ಮ ಬೈರಕೂರಿಗೆ ಹೋಗಿಬಂದರೂ ಆಂಜಿನಪ್ಪ ಈ ಹೊಸಿಲು ತುಳಿದಿಲ್ಲ. ಆಮೇಲಿನ 'ತ' ಹಾಳೆಗಳೆಲ್ಲ ಊರಿನ ಎದುರು ಪಕ್ಷದವರಿಂದ ಅವರು ಕೇಳಿ ತಂದವು. ತವರೆಂದರೆ ಅವರಿಗೆ ಉಳಿದಿರುವವನು ಇವನೊಬ್ಬನೇ.

ಸೊಪ್ಪು ಕತ್ತರಿಸುತ್ತಾ ತೂಕಡಿಕೆ ಬಂದಾಗ ಅವರಿಗೆ ಆಗಾಗ ಒಂದೇ ಕನಸು. ಹುಳುಗಳು ಸೊಪ್ಪು ಬಿಟ್ಟು ಕಾಗದದ ಅಕ್ಷರಗಳನ್ನು ಮೇಯುತ್ತಿವೆ. ಗೂಡು ಬಿಚ್ಚಿದರೆ ನೂಲಿನ ತುಂಬ ಬರಹ. ಎಳೆದಷ್ಟೂ ಬರುತ್ತದೆ, ಎಲ್ಲಿ ಗಂಡನ ಮಾತು ಮುಗಿದು ಎಲ್ಲಿ ತಮ್ಮನ ಮಾತು ಶುರುವಾಯಿತೋ ತಿಳಿಯುವುದಿಲ್ಲ. "ಎಚ್ಚರಾದ್ರೆ ಕೈಯಲ್ಲಿ ಕುಡುಗೋಲು, ಮುಂದೆ ಸೊಪ್ಪು" ಎಂದು ನಗುತ್ತಾರೆ.

ಕನಸು ಅರ್ಧ ನಿಜವಾದದ್ದು ಹೋದ ಚುನಾವಣೆಯ ನಂತರ. ಹೊಸ ಕಾಗದದ ತಲೆ ಕತ್ತರಿಸಿ ಓದಲು ಕೂತರು. ಹೊರಗಿನ ನೂಲಿಗೆ ತಡೆ, ಬೆಳೆಗಾರನಿಗೆ ಸರ್ಕಾರದ ರಕ್ಷಣೆ ಎಂದಿತ್ತು. ತಮ್ಮನ ಪಾರ್ಟಿಯದೆಂದು ಹಿಂದೆ 'ತ' ಎಂದು ಬರೆದೇಬಿಟ್ಟರು. ಕತ್ತರಿಸಿದ ಚೂರು ನೆಲದಲ್ಲಿ ಬಿದ್ದಿತ್ತು. ಎತ್ತಿ ನೋಡಿದರೆ ಗಂಡನ ಪಾರ್ಟಿಯ ಚಿಹ್ನೆ! ಗಾಬರಿಯಿಂದ ಟ್ರಂಕು ತೆಗೆದು ಇಪ್ಪತ್ತಮೂರನ್ನೂ ಚಾಪೆಯ ಮೇಲೆ ಇಸವಿಯಂತೆ ಹಾಸಿದರು.

"ಏನ್ ಹೇಳ್ಲಿ. ಒಂದೇ ಸಲ ಬದ್ಲಾಗಿಲ್ಲ, ಜ್ವರ ಬಂದಂಗೆ ಮೆಲ್ಲಗೆ ಬದ್ಲಾಗವೆ. ಮೊದ್ಲು 'ಬೇಡ' ಅಂತಿದ್ದೋರು, ಆಮೇಲೆ ಆ ಮಾತೇ ಎತ್ತಲ್ಲ. ಅದು ಉಪವಾಸ. ಅದ್ರ ಮುಂದಿನ ಎಲೆಕ್ಷನ್‌ಗೆ 'ಬೇಕು' ಅಂತಾರೆ. ಇಂಗ್ಲಿಷ್ ಇಸ್ಕೂಲ್ ವಿಚಾರಾನೂ ಅಷ್ಟೇ, ಜಮೀನು ಯಾರ್ ಬೇಕಾದ್ರೂ ತಗೋಬಹುದು ಅನ್ನೋದೂ ಅಷ್ಟೇ. ಇವ್ರು ಆ ಕಡೆ ಹೋದ್ರು, ಅವ್ರು ಈ ಕಡೆ ಬಂದ್ರು. ಎರಡ್ರಲ್ಲೂ ಬದ್ಲಾಗ್ದೆ ಇರೋದು ಒಂದೇ, ನಮ್ ಜಿಲ್ಲೆಗೆ ಶಾಶ್ವತ ನೀರಾವರಿ ಅನ್ನೋದು. ಅದು ಮಾತ್ರ ಶಾಶ್ವತ!"

ಹಾಗೆಂದು ಅವರು ಪಕ್ಷಗಳನ್ನು ಬೈಯುವುದಿಲ್ಲ. ಸೊಪ್ಪಿನ ಬುಟ್ಟಿ ಕೆಳಗಿಟ್ಟು ಯೋಚಿಸಿ ಹೇಳುತ್ತಾರೆ. "ಪೊರೆ ಬಿಡೋದು ತಪ್ಪಲ್ಲ. ಬಿಡ್ದೆ ಇದ್ರೆ ಹುಳ ಬೆಳ್ಯಲ್ಲ. ಬಿಟ್ಟೆ ಅಂತ ಬಾಯಿಬಿಟ್ಟು ಹೇಳ್ಬೇಕು, ಅಷ್ಟೇ. ಮೇಲಿರೋರು ಮೊದ್ಲು ಎದ್ದು ಸೊಪ್ಪು ಮೇಯ್ತಾರೆ. ನಮ್ಮೋರು ಹಳೇ ಪೊರೇಲೇ ಕೂತು ಹೊಡ್ದಾಡ್ತಾರೆ."

ಈಗಿನ ಪ್ರಣಾಳಿಕೆಗಳ ಮೇಲೆ ಅವರಿಗೆ ಬೇರೆ ದೂರಿದೆ. ಕಾಗದ ನುಣುಪು, ತೇವ ಹೀರುವುದಿಲ್ಲ. ಇನ್ನು ಮೊಬೈಲಿಗೆ ಬರುವುದನ್ನು ಹಾಸುವುದಾದರೂ ಹೇಗೆ?

ಒಂದು ಸಂಜೆ ಜಗಲಿಯಲ್ಲಿ ಕೂತಿದ್ದ ಗಂಗುಲಪ್ಪನವರಿಗೆ, ಹೊರಗಿನ ನೂಲು ಬರಕೂಡದು ಎನ್ನುವ ಹಳೆಯ ಹಾಳೆಯೊಂದನ್ನು ಓದಿ ಹೇಳಿದರು. ಗಂಗುಲಪ್ಪ ತೊಡೆ ತಟ್ಟಿದರು. "ನೋಡ್ದೇನೇ, ಹಿಂಗ್ ಬರೀಬೇಕು! ನಮ್ ಪಾರ್ಟಿ ಅಂದ್ರೆ ಸುಮ್ನೇನಾ?" ಮುನಿಯಲ್ಲಮ್ಮ ಹಾಳೆ ತಿರುಗಿಸಿ ಗಂಡನ ಮಡಿಲಲ್ಲಿಟ್ಟರು. ಇಪ್ಪತ್ತೆಂಟು ವರ್ಷದ ಹಿಂದಿನ ಇಸವಿ, ಪಕ್ಕದಲ್ಲಿ 'ತ'. ಗಂಗುಲಪ್ಪ ಆ ಒಂದಕ್ಷರ ನೋಡಿದರಂತೆ. ಬೀಡಿ ಹಚ್ಚುವುದನ್ನೂ ಮರೆತರಂತೆ. ಕೊನೆಗೆ ಕೇಳಿದ್ದು ಇಷ್ಟೇ. "ಅವತ್ತು ಅವ್ನು ಉಣ್ಣಲಿಲ್ಲ, ಅಲ್ವಾ?"

ಮೊನ್ನೆ ಮುನಿಯಲ್ಲಮ್ಮ ತಮ್ಮನಿಗೆ ಫೋನು ಮಾಡಿ ಅದೇ ವರ್ಷದ 'ಗ' ಹಾಳೆ ಓದಿದರು. ಅಕ್ಕ, ತಮ್ಮ ಮಾತಾಡುವುದು ತೆಲುಗಿನಲ್ಲಿ. ಕಾಗದ ಮಾತ್ರ ಕನ್ನಡ. ಹೊರಗಿನ ನೂಲು ಬರಲಿ, ಪೈಪೋಟಿ ಇರಲಿ ಎಂಬ ಸಾಲು ಮುಗಿಯುವ ಮುಂಚೆಯೇ ಆಂಜಿನಪ್ಪ, ಇದು ನಮ್ಮವರದೇ, ಈ ಸಲದ್ದಲ್ಲವೇ ಎಂದ. "ಅಲ್ಲ ನಾಯ್ನಾ, ಇದು ನಿಮ್ ಬಾವಂದು. ನೀನು ಊಟ ಬಿಟ್ಟೋದೆ ನೋಡು, ಆ ವರ್ಷದ್ದು" ಎಂದರು ಮುನಿಯಲ್ಲಮ್ಮ. ಆ ಕಡೆಯಿಂದ ಸದ್ದಿಲ್ಲ. ಫೋನು ಕಟ್ಟಾಯಿತೆಂದುಕೊಂಡರು. ಕಟ್ಟಾಗಿರಲಿಲ್ಲ, ಉಸಿರು ಕೇಳುತ್ತಿತ್ತು.

ಅವಸರ ಮಾಡಬಾರದೆಂದು ಅವರ ಬೆರಳಿಗೆ ಗೊತ್ತು. ಮಲಗಿದ ಹುಳುವನ್ನು ಕದಲಿಸಬಾರದು, ಏಳುವವರೆಗೂ ಸೊಪ್ಪು ಹಾಕಬಾರದು. ಅವರೂ ಸುಮ್ಮನೆ ಫೋನು ಹಿಡಿದು ನಿಂತರು.

ಹತ್ತು ಗಂಟೆಗೆ ಶೋಭಾರಾಣಿಯವರ ಹುಳುಗಳು ಎದ್ದಿವೆ. ಮೊದಲ ಹಿಡಿ ಸೊಪ್ಪು ಉದುರುತ್ತಿದ್ದಂತೆ ಕೋಣೆಯ ತುಂಬ ಮತ್ತೆ ಆ ಸರಸರ ಸದ್ದು. ಮುನಿಯಲ್ಲಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ಅಲ್ಲಿ ಗಂಗುಲಪ್ಪ ಹಳೆಯ ಚಂದ್ರಿಕೆಗಳನ್ನು ಬಿಸಿಲಿಗೆ ಒರಗಿಸಿ ಧೂಳು ಕೊಡವುತ್ತಿದ್ದಾರೆ, ಯಾರೂ ಹೇಳದೆಯೇ.

ತಮ್ಮ ಕೊನೆಗೆ ಏನೆಂದ ಎಂದು ಕೇಳಿದರೆ ಮುನಿಯಲ್ಲಮ್ಮನ ಮುಖ ಹಣ್ಣು ಹುಳುವಿನಂತೆ ಬೆಳಗುತ್ತದೆ.

"ಪಾರ್ಟಿ ವಿಚಾರ ಏನೂ ಅನ್ನಲಿಲ್ಲ. 'ನಿಮ್ ಹುಳ ಯಾವತ್ತು ಹಣ್ಣಾಗ್ತವಕ್ಕಾ?' ಅಂದ. ಶನಿವಾರ ಅಂದೆ."