ಕಡಲೆಕಾಯಿ ಸಿಪ್ಪೆಯ ಒಲೆ

ಆಂಧ್ರದ ಹಿಂದೂಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಅತ್ತೆಯ ಮುಖಕ್ಕಿಂತ ಅವರ ಕೆಮ್ಮೇ ಚೆನ್ನಾಗಿ ಪರಿಚಯವಾಯಿತು. ಅವರು ರೇಷ್ಮೆ ನೂಲು ತೆಗೆಯುವ ಹೆಂಗಸರ ಸಂಘದ ಅಧ್ಯಕ್ಷೆ. ಸಂಘ ಎಂದರೆ ಮತ್ತೇನಲ್ಲ, ತಗಡಿನ ಒಂದು ಉದ್ದನೆಯ ಶೆಡ್ಡು. ಅದರೊಳಗೆ ಸಾಲಾಗಿ ಮಣ್ಣಿನ ಒಲೆಗಳು, ಒಲೆಗಳ ಮೇಲೆ ಕುದಿಯುವ ಬಾಂಡಲಿಗಳು, ಬಾಂಡಲಿಗಳಲ್ಲಿ ತೇಲುವ ರೇಷ್ಮೆ ಗೂಡುಗಳು. ಒಬ್ಬರು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು, ಬೆಂದ ಗೂಡಿನಿಂದ ಎಳೆ ಹುಡುಕಿ ಕೊಡಬೇಕು. ಇನ್ನೊಬ್ಬರು ಆಚೆ ತುದಿಯಲ್ಲಿ ಚರಕ ತಿರುಗಿಸಿ ಅದನ್ನು ಸುತ್ತಬೇಕು. ಅತ್ತೆ ಒಲೆಯ ಮುಂದೆ, ನಾನು ಚರಕದ ಹತ್ತಿರ. ನಡುವೆ ಸೌದೆಯ ಹೊಗೆ, ನೀರಿನ ಹಬೆ. ಆ ಬಿಳುಪಿನೊಳಗಿಂದ ಒಂದು ಎಳೆ ಮಿನುಗುತ್ತಾ ನನ್ನ ಕಡೆ ಬರುತ್ತಿತ್ತು, ಯಾರು ಕಳಿಸಿದರೋ ಗೊತ್ತಾಗದ ಹಾಗೆ. ಈಗ ನೆನೆದರೆ ಅದನ್ನೆಲ್ಲ ಎಚ್ಚರದಲ್ಲಿ ಕಂಡೆನೋ ನಿದ್ದೆಗಣ್ಣಿನಲ್ಲಿ ಕಂಡೆನೋ ಎಂದು ಅನುಮಾನವಾಗುತ್ತದೆ.

ನನಗೆ ಆ ಮಣೆಯ ಮೇಲೆ ಕಣ್ಣಿತ್ತು. ಕೆಲಸದ ಮರ್ಯಾದೆಯೆಲ್ಲ ಒಲೆಯ ಮುಂದೆ ಕೂರುವವರಿಗೆ. ಚರಕ ತಿರುಗಿಸುವವರನ್ನು ಯಾರು ಕೇಳುತ್ತಾರೆ? ನಾನು ಬಾಯಿ ಬಿಟ್ಟಾಗಲೆಲ್ಲ ಅತ್ತೆಯದು ಒಂದೇ ಮಾತು.

"ನಿನ್ ಕೈಗೆ ಎಳೆ ಸಿಗಲ್ಲ ಕಣಮ್ಮ. ನೀನು ಅಲ್ಲೇ ತಿರುಗಿಸ್ಕಂಡಿರು."

ಎಲ್ಲರೆದುರು ಹಾಗೆ ಅಂದುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ರಾತ್ರಿ ಗಂಡನ ಹತ್ತಿರ ಹೇಳಿಕೊಂಡರೆ, ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಸುಸ್ತಾಗಿ ಬಂದ ಆತ ಮಾತು ಮುಗಿಯುವ ಮೊದಲೇ ಗೊರಕೆ ಹೊಡೆಯುತ್ತಿದ್ದ.

ಒಂದು ಚಳಿಗಾಲ ಅತ್ತೆಗೆ ಉಬ್ಬಸ ಹೆಚ್ಚಾಯಿತು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ ಕೋಣೆಗೆ ಒಬ್ಬರೇ ಹೋಗಿ ಬಂದರು. "ಹೊಗೆ ಬಿಟ್ರೆ ಸರಿಹೋಯ್ತದಂತೆ" ಎಂದಷ್ಟೇ ಹೇಳಿ ಸೆರಗು ಸರಿಮಾಡಿಕೊಂಡರು. ಮಾರನೆಯ ದಿನದಿಂದ ಶೆಡ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತು ಕಲೆಬಿದ್ದ ಗೂಡುಗಳನ್ನು ಆರಿಸತೊಡಗಿದರು. ಅವರ ಮಣೆಯಲ್ಲಿ ಉಳಿದ ಹೆಂಗಸರು ಸರದಿಯ ಮೇಲೆ ಕೂತರು. ನನ್ನ ಸರದಿ ಮಾತ್ರ ಬರದಂತೆ ಅತ್ತೆ ಹೊರಗಿನಿಂದಲೇ ನೋಡಿಕೊಂಡರು!

ಚಳಿಗಾಲ ಕಳೆದು ಬೇಸಿಗೆ ಬರುತ್ತಲೇ ಪುರಸಭೆಯ ಅನುದಾನದ ಸುದ್ದಿ ಬಂತು. ಸೌದೆ ಸುಡುವುದನ್ನು ಕಡಿಮೆ ಮಾಡುವ ಸಂಘಗಳಿಗೆ ಹೊಸ ಒಲೆಯ ಖರ್ಚಿನಲ್ಲಿ ಒಂದು ಪಾಲು ಕೊಡುತ್ತಾರಂತೆ. ಅಧಿಕಾರಿಯೊಬ್ಬರು ಶೆಡ್ಡಿಗೆ ಬಂದು, ನಮ್ಮ ಒಲೆಗಳಿಂದ ಇಂಗಾಲ ಆಕಾಶಕ್ಕೆ ಸೇರಿ ಭೂಮಿ ಹೇಗೆ ಬಿಸಿಯಾಗುತ್ತದೆ ಎಂದು ತೆಲುಗಿನಲ್ಲಿ ಸಮಾಧಾನವಾಗಿ ವಿವರಿಸಿದರು. ಅತ್ತೆ ಪೂರ್ತಿ ಕೇಳಿಸಿಕೊಂಡರು.

"ಆಕಾಶಕ್ಕೆ ಆಮೇಲೆ ಹೋಯ್ತದೆ ಸ್ವಾಮಿ, ಮೊದ್ಲು ನಮ್ ಎದೆಗೆ ಬತ್ತದೆ" ಎಂದರು.

ಅಧಿಕಾರಿ ನಕ್ಕುಬಿಟ್ಟರು. ಹೊಸ ಒಲೆಗೆ ಸೌದೆ ಬೇಡ, ಕಡಲೆಕಾಯಿ ಸಿಪ್ಪೆ ಸಾಕು. ಪಕ್ಕದಲ್ಲೊಂದು ಎತ್ತರದ ಕೊಳವೆ. ಮೊದಲು ಒಂದು ಒಲೆ ಹಾಕಿ, ಅದು ಹೊಗೆಯಿಲ್ಲದೆ ಉರಿಯುವುದನ್ನು ಅವರು ಕಣ್ಣಾರೆ ನೋಡಿದರೆ ಮಿಕ್ಕವಕ್ಕೂ ಅನುದಾನ. ಅದಕ್ಕಾಗಿ ಅತ್ತೆ ಪುರಸಭೆಗೆ ಎಷ್ಟು ಸಲ ನಡೆದರೋ ಲೆಕ್ಕವಿಲ್ಲ. ಮೆಟ್ಟಿಲು ಹತ್ತುವಾಗ ಅವರ ಎದೆ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಅಧ್ಯಕ್ಷಮ್ಮ ತಮ್ಮ ಮಣೆಗೆ ವಾಪಸ್ ಬಂದರೆ ಸಾಕು ಎಂದು ಸಂಘದವರೆಲ್ಲ ಹಾರೈಸುತ್ತಿದ್ದರು. ನಾನೂ ಹಾರೈಸಿದೆ. ಅವರ ಮೇಲೆ ಸಿಟ್ಟಿತ್ತು, ನಿಜ. ಆದರೂ ಅವರು ನೆಟ್ಟಗೆ ಉಸಿರಾಡುವುದನ್ನು ನೋಡಬೇಕೆಂಬ ಆಸೆಯೂ ಇತ್ತು.

ಸಿಪ್ಪೆ ತರುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ತವರು ಕಲ್ಯಾಣದುರ್ಗ. ಅಲ್ಲಿ ಕಡಲೆಕಾಯಿ ಸುಲಿಯುವ ಮಿಲ್ಲುಗಳ ಹಿಂದೆ ಸಿಪ್ಪೆ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ. ನನ್ನ ಅಣ್ಣ ಅಂಥ ಒಂದು ಮಿಲ್ಲಿನ ಲಾರಿ ಓಡಿಸುತ್ತಿದ್ದ. ಅವನು ಮುಂದೆ ಕೂತುಕೋ ಎಂದರೂ ಕೇಳದೆ ನಾನು ಮೂಟೆಗಳ ಮೇಲೆ ಹತ್ತಿ ಮಲಗಿದೆ. ಎಂಥ ಹಗುರಾದ ಮೂಟೆಗಳು! ಲಾರಿ ಅಲುಗಾಡಿದಾಗಲೆಲ್ಲ ನನ್ನ ಕೆಳಗೆ ಸಿಪ್ಪೆ ಸರಸರ ಎನ್ನುತ್ತಿತ್ತು. ಒಣಮಣ್ಣಿನ ವಾಸನೆ, ಮೇಲೆ ಮೋಡವಿಲ್ಲದ ಆಕಾಶ, ಪಕ್ಕದಲ್ಲಿ ನಮ್ಮ ಜೊತೆಗೇ ನಡೆದು ಬರುವಂತೆ ಕಾಣುವ ಬೋಳುಗುಡ್ಡಗಳು. ಎಲ್ಲೋ ಕುರಿಮಂದೆಯೊಂದು ರಸ್ತೆ ದಾಟುವ ತನಕ ಲಾರಿ ನಿಂತಿತ್ತು. ಆಗ ಅಷ್ಟು ಹೊತ್ತೂ ತೇಲುತ್ತಿದ್ದ ನಾನು ಮೆಲ್ಲಗೆ ನೆಲಕ್ಕೆ ಇಳಿದ ಹಾಗಾಯಿತು. ಅರೆನಿದ್ದೆಯಲ್ಲಿ ನಮ್ಮ ಶೆಡ್ಡು ಕಂಡಿತು. ಒಳಗೆ ಹೊಗೆಯಿಲ್ಲ. ಅತ್ತೆ ಮಣೆಯ ಮೇಲೆ ಕೂತು ಯಾರನ್ನೋ ಜೋರಾಗಿ ಬೈಯುತ್ತಿದ್ದಾರೆ, ನಡುವೆ ಒಮ್ಮೆಯೂ ಕೆಮ್ಮು ಬರುತ್ತಿಲ್ಲ.

"ಬಿದ್ ಗಿದ್ದೀಯಾ ಕಣಮ್ಮ, ಹಗ್ಗ ಹಿಡ್ಕಾ!" ಎಂದು ಅಣ್ಣ ಕೂಗಿದಾಗ ಎಚ್ಚರವಾಯಿತು.

ಅಧಿಕಾರಿ ನೋಡಲು ಬರುವ ದಿನ ಹಳೆಯ ಒಲೆಗಳನ್ನು ಹಚ್ಚದೆ, ಹೊಸ ಒಲೆಗೆ ಸುಣ್ಣ ಬಳಿದು, ಅರಿಸಿನ ಕುಂಕುಮ ಇಟ್ಟೆವು. ಹಾಲುಕ್ಕಿಸದೆ ಹೊಸ ಒಲೆ ಹಚ್ಚುವುದುಂಟೇ? ಉಕ್ಕಿಸಲೇಬೇಕು ಎಂದು ಅತ್ತೆ ಹೇಳಿದ್ದರು. ಯಾರ ಮನೆಯ ಹಾಲು ಎಂದು ಮಾತ್ರ ಹೇಳಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಚೊಂಬು ತಂದರು. ಒಬ್ಬರದನ್ನು ಹಾಕಿ ಇನ್ನೊಬ್ಬರದನ್ನು ಬಿಟ್ಟರೆ ಮುನಿಸು ಬರುತ್ತದೆ. ಎಲ್ಲರದನ್ನೂ ಪಾತ್ರೆಯ ಕಂಠದವರೆಗೆ ಸುರಿದೆವು. ಅಧಿಕಾರಿ ಬಂದರು, ಒಲೆ ಹಚ್ಚಿದೆವು, ಸಿಪ್ಪೆ ಧಗಧಗ ಹೊತ್ತಿಕೊಂಡಿತು. ಹಾಲು ಉಕ್ಕಿತು. ಎಲ್ಲರೂ ಕೈ ಮುಗಿದೆವು. ಅದು ಉಕ್ಕಿ ಉಕ್ಕಿ ನಿಲ್ಲಲೇ ಇಲ್ಲ. ಒಲೆಯ ಬಾಯೊಳಗೆ ಹರಿದು ಸಿಪ್ಪೆಯನ್ನೆಲ್ಲ ತೋಯಿಸಿಬಿಟ್ಟಿತು. ಬೆಂಕಿ ಸತ್ತು, ನಮ್ಮ ಹಳೆಯ ಒಲೆಗಳೆಲ್ಲ ಸೇರಿದರೂ ಎಬ್ಬಿಸಲಾರದಷ್ಟು ಹೊಗೆ ಎದ್ದಿತು.

"ಪೊಗ ರಾದನ್ನಾರು ಕದಮ್ಮಾ!" ಅಧಿಕಾರಿ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಕೂಗಿದರು. ಹೊಗೆ ಬರುವುದಿಲ್ಲ ಎಂದಿದ್ದಿರಲ್ಲ ಎಂದು.

"ಹಾಲುಕ್ಕಿಸಿದ್ವಿ ಸಾರ್" ಎಂದೆ. ಅಳುವುದೊಂದು ಬಾಕಿ. ಅನುದಾನ ಹೋಯಿತು, ಅತ್ತೆ ಇನ್ನು ಮೆಟ್ಟಿಲ ಮೇಲೇ ಉಳಿದರು ಎಂದುಕೊಂಡೆ.

ಅವರು ಮೂಗಿನಿಂದ ಕರವಸ್ತ್ರ ತೆಗೆದು, "ಮಾ ಇಂಟ್ಲೋ ಕೂಡಾ ಇಂತೇನಮ್ಮಾ" ಎಂದು ನಕ್ಕರು. ಅವರ ಮನೆಯಲ್ಲೂ ಹೀಗೆಯೇ ಅಂತೆ! ಹೊರಗೆ ಹೋಗಿ ಸಿಪ್ಪೆ ಮೂಟೆಯ ಮೇಲೆ ಕಾಯುತ್ತಾ ಕೂತರು. ನಾವು ತೊಯ್ದ ಸಿಪ್ಪೆಯನ್ನು ಕೈಯಲ್ಲೇ ಬಾಚಿ ತೆಗೆದೆವು. ಒಣಗಿದ್ದನ್ನು ತುಂಬಿ ಮತ್ತೆ ಹಚ್ಚಿದೆವು. ಸೀದ ಹಾಲಿನ ವಾಸನೆಯ ನಡುವೆ ಬೆಂಕಿ ಹಿಡಿಯಿತು. ಸ್ವಲ್ಪ ಹೊತ್ತಿಗೆ ಶೆಡ್ಡು ತಿಳಿಯಾಯಿತು. ತಗಡಿನ ತೂತುಗಳಿಂದ ಬಿಸಿಲು ನೆಲದ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದಿತ್ತು. ಆಚೆಗೋಡೆಗೆ ನೀಲಿ ಬಣ್ಣವೆಂದು ನನಗೆ ಅವತ್ತೇ ಗೊತ್ತಾಗಿದ್ದು. ಅಧಿಕಾರಿ ಒಳಗೆ ಬಂದು ನೋಡಿದರು, ಹೊರಗೆ ಹೋಗಿ ಕೊಳವೆಯ ತುದಿ ನೋಡಿದರು, ಮಿಕ್ಕ ಒಲೆಗಳಿಗೂ ಆಗಲಿ ಎಂದು ಒಪ್ಪಿ ಹೋದರು.

ಬಾಂಡಲಿ ಇಟ್ಟು ಗೂಡು ಹಾಕಿ, "ಬರ್ರಿ ಅಧ್ಯಕ್ಷಮ್ಮ, ನಿಮ್ ಮಣೆ" ಎಂದು ಎಲ್ಲರೂ ಕರೆದರು. ನಾನು ಅಭ್ಯಾಸದಂತೆ ಚರಕದ ಹತ್ತಿರ ಹೋದೆ. ಅತ್ತೆ ಮೆಲ್ಲಗೆ ಒಳಗೆ ಬಂದರು. ಒಲೆಗೆ ಕೈ ಮುಗಿದರು. ನೀರು ಕುದಿದು ಹಬೆ ಏಳುತ್ತಲೇ ಎದೆ ಹಿಡಿದುಕೊಂಡು ಹಿಂದೆ ಸರಿದರು. ಓಡಿಹೋಗಿ ಹಿಡಿದುಕೊಂಡೆ.

"ಹೊಗೆ ಹೋಯ್ತಲ್ಲ ಅತ್ತೆ, ಮತ್ತೆ ಯಾಕೆ?"

"ಹೊಗೆ ಹೋದ್ರೆ ನನ್ ಎದೆ ವಾಪಸ್ ಬತ್ತದಾ? ಹಬೇನೂ ಆಗಲ್ಲ ಅಂತ ಡಾಕ್ಟ್ರು ಅವತ್ತೇ ಹೇಳಿದ್ರು ಕಣಮ್ಮ."

"ಮತ್ತೆ ಯಾರಿಗೋಸ್ಕರ ಆ ಪಾಟಿ ಓಡಾಡಿದ್ರಿ?"

"ಯಾರಿಗೋಸ್ಕರ ಅಂದ್ರೆ? ನೀನು ಮಣೆ ಮಣೆ ಅಂತಿದ್ದೆ. ಆ ಹೊಗೇಲಿ ನಿನ್ನ ಹೆಂಗ್ ಕೂರಿಸ್ಲಿ?" ಎಂದು ನನ್ನ ಭುಜ ಒತ್ತಿ ಮಣೆಯ ಮೇಲೆ ಕೂರಿಸಿದರು. ಆಮೇಲೆ ಗೋಡೆ ಹಿಡಿದುಕೊಂಡು ಬಾಗಿಲ ಕಡೆ ನಡೆದರು.

ಬಾಂಡಲಿಗೆ ಕೈ ಹಾಕಿದೆ. ಎಳೆ ಸಿಕ್ಕಿತು. ಎದೆ ತುಂಬ ಉಸಿರು ಎಳೆದುಕೊಂಡೆ. ಅದು ಎಷ್ಟು ಸಲೀಸಾಗಿ ಒಳಗೆ ಹೋಯಿತೆಂದರೆ, ನನಗೆ ಅಳು ತಡೆಯಲಾಗಲಿಲ್ಲ.